ಬೆಂಗಳೂರಿನ ಕೆಂಪು ಮಣ್ಣು ಲ್ಯಾಟರೈಟ್ ಅಲ್ಲ: ಮಣ್ಣಿನ ಲೆಕ್ಕ ಬರೆದ ಡಾಕ್ಟರ್ ಬುಕಾನನ್ ಕಥೆ

ಬೆಂಗಳೂರಿನ ಕೆಂಪು ಮಣ್ಣು ಅಂದರೆ ಲ್ಯಾಟರೈಟ್. ಅದನ್ನು ಕಂಡುಹಿಡಿದದ್ದು ಬುಕಾನನ್ ಎಂಬ ಬ್ರಿಟಿಷ್ ಡಾಕ್ಟರ್. ಅದರಲ್ಲಿ ಸಾರ ಇಲ್ಲ, ಕುಂಡಕ್ಕೆ ಹಾಕಬೇಡಿ. ತಾರಸಿ ತೋಟದ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದರೆ ಇಂಥ ಮಾತು ನಿಮಗೂ ಬಂದಿರಬಹುದು. ಇದರಲ್ಲಿ ಪೂರ್ತಿ ಸರಿಯಾಗಿರುವುದು ಬುಕಾನನ್ ಡಾಕ್ಟರ್ ಆಗಿದ್ದರು ಅನ್ನುವುದೊಂದೇ. ಉಳಿದ ಗೊಂದಲ ಎಲ್ಲಿಂದ ಹುಟ್ಟಿತು ಅಂತ ತಿಳಿಯಲು ನಾವು ಅವರ ಬದುಕಿನ ಜಾಡನ್ನೇ ಹಿಡಿದು ಹೋದೆವು.

ಫ್ರಾನ್ಸಿಸ್ ಬುಕಾನನ್ ಹುಟ್ಟಿದ್ದು 1762ರಲ್ಲಿ, ಸ್ಕಾಟ್ಲೆಂಡಿನ ಪರ್ತ್‌ಶೈರ್ ಸೀಮೆಯಲ್ಲಿ. ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ 1783ರಲ್ಲಿ ಪದವಿ ಪಡೆದರು. ಆಗ ಔಷಧಿ ಅಂದರೆ ಬಹುಪಾಲು ಗಿಡಮೂಲಿಕೆಯೇ. ಹಾಗಾಗಿ ವೈದ್ಯರಾಗುವವರು ಸಸ್ಯಶಾಸ್ತ್ರವನ್ನೂ ಕಲಿಯಬೇಕಿತ್ತು. ಬುಕಾನನ್‌ಗೆ ಅದರ ಹುಚ್ಚು ಹಿಡಿಯಿತು. ಕೆಲವು ವರ್ಷ ಹಡಗಿನ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದರು. ಮರುವರ್ಷವೇ ಬರ್ಮಾಕ್ಕೆ ಹೊರಟ ರಾಯಭಾರಿ ತಂಡದ ಜೊತೆ ಹೋಗಿ ಅಲ್ಲಿನ ಗಿಡಗಳನ್ನು ಪಟ್ಟಿ ಮಾಡಿಕೊಂಡು ಬಂದರು. ಹೊಸ ಊರಿಗೆ ಹೋದರೆ ಕಂಡದ್ದನ್ನೆಲ್ಲ ಬರೆದಿಡುವ ಮನುಷ್ಯ ಅನ್ನುವ ಹೆಸರು ಬಂತು.

ನಮ್ಮ ಕಡೆಗೆ ಅವರನ್ನು ಕರೆತಂದದ್ದು ಈ ಹೆಸರೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ಸತ್ತರು. ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ, ಏನು ಮಾರಬಹುದು ಎಂಬುದು ಕಂಪನಿಗೆ ಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸ ಒಪ್ಪಿಸಿದ್ದು ಬುಕಾನನ್‌ಗೆ. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟವರು ಮೈಸೂರು, ಮಲಬಾರ್, ಕನ್ನಡ ಜಿಲ್ಲೆ ಸುತ್ತಿ ಮುಗಿಸಿದ್ದು 1801ರ ಜುಲೈನಲ್ಲಿ. ಇದನ್ನು ಬರೀ ವಿಜ್ಞಾನದ ಯಾತ್ರೆ ಎಂದುಕೊಳ್ಳುವುದು ತಪ್ಪು. ಮಣ್ಣಿನ ಗುಣ ಗೊತ್ತಾದರೆ ಕಂದಾಯ ಎಷ್ಟು ಹಾಕಬಹುದು ಅನ್ನುವುದೂ ಗೊತ್ತಾಗುತ್ತದೆ. ಇದು ರೈತರಿಗೂ ಅರ್ಥವಾಗಿತ್ತು. ಹಾಗಾಗಿ ಉತ್ತರ ಕೊಡುವಾಗ ಹಿಡಿತ ಇಟ್ಟುಕೊಂಡೇ ಕೊಡುತ್ತಿದ್ದರು. ಬುಕಾನನ್ ಕೂಡ ಹೇಳಿದ್ದನ್ನೆಲ್ಲ ನಂಬಲಿಲ್ಲ.

1800ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದಾಗ ಅವರು ಈಗಿನ ಲಾಲ್‌ಬಾಗನ್ನು ನೋಡಿದರು. ಚೌಕ ಚೌಕವಾಗಿ ಭಾಗ ಮಾಡಿದ ತೋಟ, ದಾರಿಯ ಅಂಚಿಗೆ ಸೈಪ್ರಸ್ ಮರಗಳು, ಒಂದು ಚೌಕದ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ ಇದ್ದುದನ್ನು ದಾಖಲಿಸಿದರು. ಈಗ ಜಯನಗರ, ಬನಶಂಕರಿ, ಜೆಪಿ ನಗರ ಇರುವ ಜಾಗವೆಲ್ಲ ಆಗ ಹೊಲ, ಕೆರೆ, ಹಳ್ಳಿ.

ಮೈಸೂರು ಸೀಮೆಯ ರೈತರನ್ನು ಮಾತಾಡಿಸಿದಾಗ ಅವರಿಗೆ ಸಿಕ್ಕಿದ್ದು ಸಿದ್ಧವಾಗಿದ್ದ ವರ್ಗೀಕರಣ. ಜಿಗುಟು ಹೆಚ್ಚಿರುವ ಕಪ್ಪು ಮಣ್ಣು ಎರೆ. ಜಿಗುಟಿರುವ ಕೆಂಪು ಮಣ್ಣು ಕೆಬ್ಬೆ. ಆಮೇಲೆ ಮರಳು ಬೆರೆತದ್ದು, ಅದಕ್ಕೂ ಕೆಳಗೆ ಏನೂ ಸರಿಯಾಗಿ ಬೆಳೆಯದ ಕೀಳು ಮಣ್ಣು. ಭೂಮಿಯನ್ನು ನೀರಿನ ಲೆಕ್ಕದಲ್ಲಿ ನೋಡಿದರೆ ಇನ್ನೊಂದು ವಿಂಗಡಣೆ: ಖುಷ್ಕಿ, ತರಿ, ಬಾಗಾಯ್ತು. ಈ ಮೂರು ಪದ ಇವತ್ತಿಗೂ ಪಹಣಿಯಲ್ಲಿವೆ, ಅದರಲ್ಲೇ ಮಣ್ಣಿನ ನಮೂನೆಗೂ ಒಂದು ಕಾಲಂ ಇದೆ. ಯಾವ ಮಣ್ಣಿಗೆ ಯಾವ ರಾಗಿ, ಸಾಲಿನ ನಡುವೆ ಅವರೆಯೋ ತೊಗರಿಯೋ ಎನ್ನುವುದನ್ನೂ ರೈತರು ಹೇಳಿದರು, ಡಾಕ್ಟರ್ ಬರೆದುಕೊಂಡರು. ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮ ಓಟು ಹೇಳಿದವರಿಗೇ.

ಹಾಗಾದರೆ ಲ್ಯಾಟರೈಟ್? ಆ ಹೆಸರು ಕೊಟ್ಟದ್ದು ಬುಕಾನನ್ ಹೌದು, ಆದರೆ ಬೆಂಗಳೂರಿನ ಮಣ್ಣಿಗಲ್ಲ. ಅದೇ ಪ್ರಯಾಣದಲ್ಲಿ ಮಲಬಾರಿನ ಅಂಗಾಡಿಪುರಂಗೆ ಹೋದಾಗ ನೆಲದಿಂದ ಕೊಡಲಿಯಲ್ಲೇ ಕಡಿದು ತೆಗೆಯುವ, ಗಾಳಿ ಬಿಸಿಲಿಗೆ ಬಿಟ್ಟರೆ ಇಟ್ಟಿಗೆಯ ಹಾಗೆ ಗಟ್ಟಿಯಾಗುವ ಕೆಂಪು ಕಲ್ಲು ಕಂಡರು. ಅಲ್ಲಿನ ಜನ ಅದನ್ನು ಇಟ್ಟಿಗೆಕಲ್ಲು ಎಂಬರ್ಥದ ಹೆಸರಿನಿಂದಲೇ ಕರೆಯುತ್ತಿದ್ದರು. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ ಲೇಟರ್ ಅನ್ನುತ್ತಾರೆ. ಹೆಸರು ಹುಟ್ಟಿದ್ದು ಹೀಗೆ. ನಮ್ಮ ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಮನೆ ಕಟ್ಟುವ ಮುರಕಲ್ಲು, ಜಂಬಿಟ್ಟಿಗೆ ಇದೇ. ಹೆಸರಿಡುವುದಕ್ಕೂ ಎಷ್ಟೋ ಮೊದಲಿಂದ ಜನ ಅದರಲ್ಲಿ ಮನೆ ಕಟ್ಟುತ್ತಿದ್ದರು. ಅಂಗಾಡಿಪುರಂನಲ್ಲಿ ಈಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸ್ಮಾರಕವಿದೆ.

ಬೆಂಗಳೂರಿನ ದಿಣ್ಣೆಗಳ ಕೆಂಪು ಮಣ್ಣಿನ ಜಾತಕವೇ ಬೇರೆ. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅಂಥ ಶಿಲೆ ಶಿಥಿಲವಾಗಿ ಪುಡಿಯಾದಾಗ ಈ ಮಣ್ಣು ಹುಟ್ಟುತ್ತದೆ. ಮಳೆನೀರು ಮೇಲ್ಪದರದ ನುಣ್ಣನೆ ಜೇಡಿಯನ್ನು ಕೆಳಕ್ಕೆ ಒಯ್ಯುತ್ತದೆ. ಹಾಗಾಗಿ ಮೇಲೆ ಮರಳು ಮಿಶ್ರ, ಕೆಳಗೆ ಇನ್ನಷ್ಟು ಕೆಂಪು, ಇನ್ನಷ್ಟು ಜಿಗುಟು. ಹೀಗೆ ಜೇಡಿ ಕೆಳಗಿಳಿದ ಮಣ್ಣುಗಳಲ್ಲಿ ಒಂದು ದೊಡ್ಡ ಗುಂಪನ್ನು ಇವತ್ತಿನ ವಿಜ್ಞಾನಿಗಳು ಆಲ್ಫಿಸಾಲ್ ಎಂದು ಕರೆಯುತ್ತಾರೆ. ಜಿಕೆವಿಕೆ ಆವರಣದ ಇಂಥ ಮಣ್ಣಿಗೆ ವಿಜಯಪುರ ಶ್ರೇಣಿ ಎಂದು ಹೆಸರು. ಅದು ದೇವನಹಳ್ಳಿ ಪಕ್ಕದ ವಿಜಯಪುರ, ಗೋಳಗುಮ್ಮಟದ ಊರಲ್ಲ.

ಮನೆಯಲ್ಲೇ ನೋಡಬಹುದು. ಪಾಯ ತೋಡಿದ ಕಡೆಯಿಂದ ಒಂದು ಒಣ ಹೆಂಟೆ ತಂದು ನೀರಿಗೆ ಹಾಕಿ. ಕೆಂಪು ಮಣ್ಣಾದರೆ ಕುಸಿದು ಬಿಡಿಸಿಕೊಳ್ಳುತ್ತದೆ. ಒಣಗಿ ಗಟ್ಟಿಯಾದ ಜಂಬಿಟ್ಟಿಗೆ ಕಲ್ಲಾಗಿಯೇ ಉಳಿಯುತ್ತದೆ. ಸಾರದ ಮಾತು ಅರ್ಧ ಸರಿ: ಈ ಮಣ್ಣಿನಲ್ಲಿ ಸಾವಯವ ಅಂಶ, ಸಾರಜನಕ, ರಂಜಕ ಕಡಿಮೆ. ಬರೀ ಇದನ್ನೇ ಕುಂಡಕ್ಕೆ ತುಂಬಿದರೆ ಬಿಗಿದುಕೊಳ್ಳುತ್ತದೆ. ಗೊಬ್ಬರ, ಕೋಕೋಪೀಟ್ ಬೆರೆಸಿದರೆ ಧಾರಾಳವಾಗಿ ಬೆಳೆ ತೆಗೆಯಬಹುದು, ಎಷ್ಟೋ ನರ್ಸರಿಗಳು ಮಾಡುವುದೂ ಅದನ್ನೇ.

ಆದರೆ ಫಾರ್ವರ್ಡ್‌ಗಳಲ್ಲಿ ಬಾರದ, ಕುಂಡಕ್ಕಿಂತ ದೊಡ್ಡ ವಿಷಯವೊಂದಿದೆ. ಇಲ್ಲಿನ ಕೆಂಪು, ನೀರಿನ ಗುರುತು. ನೀರು ಚೆನ್ನಾಗಿ ಬಸಿದು ಹೋಗುವ ಎತ್ತರದ ನೆಲದಲ್ಲಿ ಗಾಳಿ ಆಡುತ್ತದೆ, ಮಣ್ಣಿನ ಕಬ್ಬಿಣ ತುಕ್ಕಿನ ಹಾಗೆ ಕೆಂಪಾಗುತ್ತದೆ. ನೀರು ನಿಲ್ಲುವ ತಗ್ಗಿನಲ್ಲಿ ಗಾಳಿ ಸಿಗದೆ ಆ ಬಣ್ಣ ಅಳಿದು ಮಣ್ಣು ಬೂದಿಯಾಗುತ್ತದೆ, ಅಲ್ಲಲ್ಲಿ ತುಕ್ಕಿನ ಚುಕ್ಕೆ ಉಳಿಯುತ್ತದೆ. ಬಸವನಗುಡಿಯ ಎತ್ತರದಿಂದ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿಗೆ, ಪೂರ್ವಕ್ಕೆ ಬಿದ್ದದ್ದು ಬೆಳ್ಳಂದೂರಿನ ಕಡೆಗೆ. ಬಿಟಿಎಂನ ಮೂರು ಅಕ್ಷರದಲ್ಲಿ ನಡುವಿನದು ತಾವರೆಕೆರೆ, ಹೆಸರಲ್ಲೇ ಕೆರೆ ಇದೆ. ಸಾರಕ್ಕಿ, ಪುಟ್ಟೇನಹಳ್ಳಿ, ಮಡಿವಾಳದ ಕೆರೆಗಳ ಸುತ್ತಿನ ತಗ್ಗು ನೆಲಕ್ಕೂ ಬನಶಂಕರಿಯ ದಿಣ್ಣೆಗೂ ಪಹಣಿಯ ಭಾಷೆಯಲ್ಲಿ ತರಿಗೂ ಖುಷ್ಕಿಗೂ ಇರುವಷ್ಟೇ ಅಂತರ.

ಸೈಟು ಕೊಳ್ಳುವವರು ಇದನ್ನು ಗಮನಿಸಬೇಕು. ಮೇಲೆ ಕಾಣುವ ಕೆಂಪು ಮಣ್ಣು ಲಾರಿಯಲ್ಲಿ ತಂದು ಸುರಿದದ್ದಿರಬಹುದು. ನಾಲ್ಕೈದು ಅಡಿ ಅಗೆಸಿ ನೋಡಿ. ಕೆಳಗೆ ಬೂದು ಬಣ್ಣದ ಜಿಗುಟು, ತುಕ್ಕಿನ ಚುಕ್ಕೆ ಕಂಡರೆ ಅಲ್ಲಿ ಹಿಂದೆ ನೀರು ನಿಂತಿತ್ತು ಅನ್ನಬಹುದು. ಬಣ್ಣವೊಂದೇ ಸಾಕ್ಷಿಯಲ್ಲ, ಮಣ್ಣು ಪರೀಕ್ಷೆಯನ್ನೂ ಗ್ರಾಮ ನಕಾಶೆಯಲ್ಲಿ ಕೆರೆ, ರಾಜಕಾಲುವೆ ಎಲ್ಲಿವೆ ಎಂಬುದನ್ನೂ ನೋಡಲೇಬೇಕು. ನೆಲಮಾಳಿಗೆ ಕಟ್ಟಿದ ಮೇಲೆ ತಿಳಿದು ಫಲವಿಲ್ಲ.

ಬುಕಾನನ್ ಪ್ರಯಾಣದ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅಷ್ಟರಲ್ಲಿ ಅವರು ನೇಪಾಳಕ್ಕೂ ಹೋಗಿ ಬಂದಿದ್ದರು. ಅದೇ ವರ್ಷ ಶುರುವಾದ ಬಂಗಾಳದ ಸಮೀಕ್ಷೆ 1814ರವರೆಗೆ ನಡೆಯಿತು. ಆ ಹಸ್ತಪ್ರತಿಗಳ ಬಹುಭಾಗ ಅವರ ಕಾಲಾನಂತರವೇ ಅಚ್ಚು ಕಂಡಿತು. ಸ್ಕಾಟ್ಲೆಂಡಿಗೆ ಮರಳಿದ ಮೇಲೆ ತಾಯಿಯ ಕಡೆಯ ಆಸ್ತಿ ಬಂದದ್ದರಿಂದ ಹ್ಯಾಮಿಲ್ಟನ್ ಎಂಬ ಮನೆತನದ ಹೆಸರು ಇಟ್ಟುಕೊಂಡರು. 1822ರಲ್ಲಿ ಗಂಗಾ ನದಿಯ ಮೀನುಗಳ ಪುಸ್ತಕ ತಂದರು, 1829ರ ಜೂನ್‌ನಲ್ಲಿ ತೀರಿಕೊಂಡರು. ನಮ್ಮ ಮಾರುಕಟ್ಟೆಯ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ ಹ್ಯಾಮಿಲ್ಟನ್ ಎಂದು ಬರೆಯುತ್ತಾರಲ್ಲ, ಅದು ಇವರೇ.