ನಾಗವಲ್ಲಿಗೆ ಮುಖ ಕೊಟ್ಟ ಸೌಂದರ್ಯ

ಸೀಬಿನಲ್ಲಿ ಓದುತ್ತಿರುವ ನಮ್ಮ ಕನ್ನಡ ಹುಡುಗ ಹುಡುಗಿಯರ ನಡುವೆ ಒಂದು ವಾದ ಯಾವತ್ತೂ ಮುಗಿಯೋದಿಲ್ಲ. ಶುಕ್ರವಾರ, ಶನಿವಾರ ರಜೆ. ಗುರುವಾರ ರಾತ್ರಿ ಎಲ್ಲರೂ ಸೇರಿದಾಗ ಯಾವ ದೆವ್ವದ ಸಿನಿಮಾ ನೋಡೋದು? ಅರ್ಧ ಜನಕ್ಕೆ ‘ಕಂಜ್ಯೂರಿಂಗ್’ ಥರದ ಹೊಸ ಹಾರರ್ ಬೇಕು. ಉಳಿದವರಿಗೆ ಎಷ್ಟು ಸಲ ನೋಡಿದ್ರೂ ‘ಆಪ್ತಮಿತ್ರ’ನೇ ಆಗಬೇಕು. ಹೊಸ ಹಾರರ್ ನೋಡುವಾಗ ಬೆಚ್ಚಿಬೀಳ್ತೇವೆ, ಸುಳ್ಳಲ್ಲ. ಬಾಗಿಲು ಧಡ್ ಅಂತ ಮುಚ್ಚಿಕೊಳ್ಳುತ್ತೆ, ಕನ್ನಡಿಯಲ್ಲಿ ಏನೋ ಕಾಣಿಸುತ್ತೆ, ಕೈಲಿದ್ದ ಪಾಪ್‌ಕಾರ್ನ್ ಚೆಲ್ಲುತ್ತೆ. ಆದರೆ ಮಾರನೇ ದಿನ ಆ ದೆವ್ವದ ಹೆಸರೇನು, ಅದಕ್ಕೆ ಆಗಿದ್ದೇನು ಅಂತ ಕೇಳಿದ್ರೆ ನೆನಪಿರೋದಿಲ್ಲ. ನಾಗವಲ್ಲಿಯ ವಿಷಯ ಹಾಗಲ್ಲ. ಅವಳು ಏನು ಕೆಲಸ ಮಾಡುತ್ತಿದ್ದಳು, ಯಾವ ಭಾಷೆ ಆಡುತ್ತಿದ್ದಳು, ಯಾರನ್ನು ಪ್ರೀತಿಸಿದ್ದಳು, ಯಾರ ಕೈಯಲ್ಲಿ ಸತ್ತಳು, ಎಲ್ಲವೂ ನಮಗೆ ಬಾಯಿಪಾಠ. ನಾಗವಲ್ಲಿ ಅಂದ ಕೂಡಲೇ ನೆನಪಾಗೋ ಮುಖ ಸೌಂದರ್ಯ ಅವರದು. ಅವರು ತೀರಿಕೊಂಡಾಗ ನಮ್ಮಲ್ಲಿ ಬಹಳ ಜನ ಮೂರು ನಾಲ್ಕು ವರ್ಷದ ಮಕ್ಕಳು. ಅವರನ್ನು ಸಿನಿಮಾದಲ್ಲಷ್ಟೇ ಕಂಡವರು ನಾವು. ಆದ್ದರಿಂದಲೇ ಈ ಸಲ ಅವರ ಬದುಕಿನ ಬಗ್ಗೆ ನಾಲ್ಕು ಮಾತು ಬರೆಯೋಣ ಅನ್ನಿಸಿತು.

ಸೌಂದರ್ಯ ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯವರು. ಆಂಧ್ರದ ಗಡಿಗೆ ಅಂಟಿಕೊಂಡಿರುವ ಆ ಸೀಮೆಯಲ್ಲಿ ಕನ್ನಡ, ತೆಲುಗು ಎರಡೂ ಕೇಳಿಸುತ್ತವೆ. ಮನೆಯಲ್ಲಿ ಇಟ್ಟ ಹೆಸರು ಸೌಮ್ಯ. ತಂದೆ ಸತ್ಯನಾರಾಯಣ ಅವರಿಗೆ ಸಿನಿಮಾದ ನಂಟಿತ್ತು, ಕಥೆ ಬರೆಯುತ್ತಿದ್ದರು, ಚಿತ್ರ ನಿರ್ಮಿಸಿದ್ದರು. ಮಗಳು ಮಾತ್ರ ಡಾಕ್ಟರ್ ಆಗುವ ದಾರಿಯಲ್ಲಿದ್ದರು. ಎಂಬಿಬಿಎಸ್‌ಗೆ ಸೇರಿ ಓದುತ್ತಿದ್ದಾಗಲೇ ನಟಿಸುವ ಅವಕಾಶ ಬಂತು. 1992ರಲ್ಲಿ ಹಂಸಲೇಖ ಅವರ ‘ಗಂಧರ್ವ’, ಅದೇ ವರ್ಷ ‘ಬಾ ನನ್ನ ಪ್ರೀತಿಸು’. ಓದು ಮೊದಲ ವರ್ಷಕ್ಕೇ ನಿಂತಿತು. ನಮ್ಮ ಮನೆಗಳಲ್ಲಿ ಮೆಡಿಕಲ್ ಸೀಟು ಬಿಡ್ತೀನಿ ಅಂದ್ರೆ ಏನಾಗುತ್ತೆ ಅಂತ ಯೋಚಿಸಿದ್ರೆ ಆ ನಿರ್ಧಾರದ ತೂಕ ತಿಳಿಯುತ್ತೆ. ಅದೂ ಆಗಿನ್ನೂ ಯಾರಿಗೂ ಗೊತ್ತಿಲ್ಲದ ಹೊಸ ಹುಡುಗಿ.

ಕನ್ನಡದಲ್ಲಿ ಶುರುವಾದ ಪಯಣ ಬೇಗನೆ ತೆಲುಗಿಗೆ ಹೊರಳಿತು. ಅಲ್ಲಿ ಅವರಿಗೆ ದೊಡ್ಡ ತಿರುವು ಕೊಟ್ಟಿದ್ದು 1995ರ ‘ಅಮ್ಮೋರು’. ಕೋಡಿ ರಾಮಕೃಷ್ಣ ನಿರ್ದೇಶಿಸಿದ ಈ ಚಿತ್ರದಲ್ಲಿ ಗ್ರಾಮದೇವತೆ ಇದ್ದಾಳೆ, ಮಾಟಮಂತ್ರ ಮಾಡುವವನಿದ್ದಾನೆ, ಅತ್ತೆಮನೆಯವರ ಕಾಟಕ್ಕೆ ಸಿಕ್ಕಿ ನರಳುವ ಭವಾನಿ ಎಂಬ ಹೆಣ್ಣುಮಗಳಿದ್ದಾಳೆ. ಆ ಭವಾನಿಯೇ ಸೌಂದರ್ಯ. ದೇವಿಯಾಗಿ ರಮ್ಯಾ ಕೃಷ್ಣ ಅಬ್ಬರಿಸುತ್ತಾರೆ, ಗ್ರಾಫಿಕ್ಸ್ ಆ ಕಾಲಕ್ಕೆ ದೊಡ್ಡ ಸುದ್ದಿ. ಆದರೆ ಭವಾನಿ ಅತ್ತಾಗ ನೋಡುವವರಿಗೂ ಅಳು ಬರದಿದ್ದರೆ ಆ ಗ್ರಾಫಿಕ್ಸ್‌ಗೆ ಬೆಲೆ ಇರುತ್ತಿರಲಿಲ್ಲ. ನಮ್ಮ ಹಳೇ ಭಯದ ಕಥೆಗಳ ಗುಟ್ಟು ಇಲ್ಲೇ ಇದೆ. ಮೊದಲು ಒಬ್ಬರ ದುಃಖ ನಮಗೆ ತಾಗಬೇಕು, ಆಮೇಲೆ ಬರೋ ಭಯ ಗಟ್ಟಿಯಾಗಿ ನಿಲ್ಲುತ್ತೆ. ಒಂಬತ್ತು ವರ್ಷದ ನಂತರ ನಾಗವಲ್ಲಿಯಲ್ಲಿ ಕಂಡಿದ್ದು ಇದೇ.

ಅಲ್ಲಿಂದ ಮುಂದೆ ‘ಪವಿತ್ರ ಬಂಧಂ’, ‘ಅಂತಃಪುರಂ’ ಥರದ ಚಿತ್ರಗಳಿಂದ ತೆಲುಗಿನವರು ಅವರನ್ನು ತಮ್ಮ ಮನೆಮಗಳು ಅಂದುಕೊಂಡರು. ತಮಿಳಿನಲ್ಲಿ ರಜನಿಕಾಂತ್ ಜೊತೆ ‘ಅರುಣಾಚಲಂ’, ‘ಪಡೆಯಪ್ಪ’. ಮಲಯಾಳದಲ್ಲಿ ಎರಡು ಚಿತ್ರ. ಹಿಂದಿಯಲ್ಲಿ ಅಮಿತಾಭ್ ಬಚ್ಚನ್ ಜೊತೆ 1999ರ ‘ಸೂರ್ಯವಂಶಂ’. ಸೆಟ್ ಮ್ಯಾಕ್ಸ್‌ನಲ್ಲಿ ಅದು ಎಷ್ಟು ಸಲ ಬಂದಿದೆ ಅನ್ನೋದು ಇಡೀ ಭಾರತಕ್ಕೇ ಒಂದು ಜೋಕು. ಇಲ್ಲಿ ಒಮಾನ್‌ನಲ್ಲಿ ಬೇರೆ ಬೇರೆ ರಾಜ್ಯದ ಗೆಳೆಯರನ್ನು ಕೇಳಿ ನೋಡಿ, ಒಬ್ಬೊಬ್ಬರ ಸೌಂದರ್ಯ ಒಂದೊಂದು. ಉತ್ತರದವರಿಗೆ ಓದಿ ಕಲೆಕ್ಟರ್ ಆಗುವ ರಾಧಾ, ತೆಲುಗಿನವರಿಗೆ ವೆಂಕಟೇಶ್ ಜೋಡಿ, ನಮಗೆ ನಾಗವಲ್ಲಿ. ಹನ್ನೆರಡು ವರ್ಷದಲ್ಲಿ ನೂರಕ್ಕೂ ಹೆಚ್ಚು ಚಿತ್ರ. ಇಷ್ಟರ ನಡುವೆಯೂ ಕನ್ನಡವನ್ನು ಬಿಟ್ಟಿರಲಿಲ್ಲ. ‘ಸಿಪಾಯಿ’, ‘ದೋಣಿ ಸಾಗಲಿ’, ‘ಶ್ರೀ ಮಂಜುನಾಥ’ ಹೀಗೆ ಆಗಾಗ ಬರುತ್ತಲೇ ಇದ್ದರು.

2002ರಲ್ಲಿ ಅವರು ಮಾಡಿದ ಕೆಲಸವನ್ನು ಒಂದು ಕ್ಷಣ ನಿಂತು ನೋಡಬೇಕು. ಕಮರ್ಷಿಯಲ್ ಸಿನಿಮಾದ ತುತ್ತತುದಿಯಲ್ಲಿದ್ದ ನಟಿ ತಾವೇ ನಿರ್ಮಾಪಕಿಯಾಗಿ ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ಕ್ಕೆ ಹಣ ಹಾಕಿದರು, ನಾಯಕಿಯಾಗಿಯೂ ನಟಿಸಿದರು. ನಾ. ಡಿಸೋಜರ ಕಾದಂಬರಿ ಆಧಾರಿತ ಈ ಚಿತ್ರದಲ್ಲಿ ಅಣೆಕಟ್ಟೆಯ ನೀರು ಏರುತ್ತಾ ಮಲೆನಾಡಿನ ಒಂದು ಊರು ಮುಳುಗುತ್ತಾ ಬರುತ್ತೆ. ಎಲ್ಲರೂ ಪರಿಹಾರ ತಗೊಂಡು ಹೊರಟ ಮೇಲೂ ಒಂದು ಕುಟುಂಬ ಉಳಿಯುತ್ತೆ. ಆ ಮನೆಯ ಸೊಸೆ ನಾಗಿಯಾಗಿ ಸೌಂದರ್ಯ, ಗಂಡ ಗಣಪನಾಗಿ ಅವಿನಾಶ್. ಮಳೆ, ಕತ್ತಲು, ಏರುವ ನೀರು, ಎಲ್ಲದರ ಎದುರು ನಿಂತು ಮನೆ ಉಳಿಸೋಳು ನಾಗಿ. ಕೊನೆಗೆ ಉಳಿಸಿದ ಕೀರ್ತಿ ಮಾತ್ರ ಅವಳಿಗೆ ಸಿಗೋದಿಲ್ಲ, ಗಂಡ ಅದನ್ನು ದೇವರ ಖಾತೆಗೆ ಹಾಕ್ತಾನೆ. ಆಗ ಸೌಂದರ್ಯ ಅವರ ಮುಖದಲ್ಲಿ ಹಾದುಹೋಗೋದನ್ನು ನೋಡಿದವರು ಮರೆಯೋದು ಕಷ್ಟ. ‘ದ್ವೀಪ’ ಆ ವರ್ಷದ ಅತ್ಯುತ್ತಮ ಚಿತ್ರವಾಗಿ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ಗೆದ್ದಿತು.

2003ರ ಏಪ್ರಿಲ್‌ನಲ್ಲಿ ಮದುವೆಯಾಯ್ತು. ವರ ಸಾಫ್ಟ್‌ವೇರ್ ಎಂಜಿನಿಯರ್. ಆಮೇಲೆ ಒಪ್ಪಿಕೊಂಡ ಚಿತ್ರಗಳಲ್ಲಿ ಒಂದು ‘ಆಪ್ತಮಿತ್ರ’. ಸಾಲದಲ್ಲಿ ಸಿಕ್ಕಿಕೊಂಡಿದ್ದ ದ್ವಾರಕೀಶ್, ಪಿ. ವಾಸು ಅವರ ಕೈಗೆ ನಿರ್ದೇಶನ ಕೊಟ್ಟು, ವಿಷ್ಣುವರ್ಧನ್ ಅವರನ್ನು ಹಾಕಿಕೊಂಡು ಈ ಚಿತ್ರ ಮಾಡಿದರು. ಇದರ ಮೂಲ ಫಾಜಿಲ್ ನಿರ್ದೇಶನದ, 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅದರಲ್ಲಿ ನಟಿಸಿದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಅಂಥ ಪಾತ್ರವನ್ನು ಮತ್ತೆ ಮಾಡೋದು ಅಂದ್ರೆ ಹೋಲಿಕೆಯನ್ನು ಕರೆದು ಕೂರಿಸಿಕೊಂಡ ಹಾಗೆ.

ಕಥೆ ನಮಗೆಲ್ಲ ಗೊತ್ತು. ಹಳೇ ಅರಮನೆ, ಬೀಗ ಹಾಕಿದ ಕೋಣೆ, ಗೋಡೆಯ ಮೇಲೆ ನರ್ತಕಿಯ ಚಿತ್ರ. ರಾಜ ಅವಳನ್ನು ಬಲವಂತವಾಗಿ ಕರೆತಂದಿದ್ದ, ಅವಳಿಗೆ ಬೇರೊಬ್ಬನ ಮೇಲೆ ಪ್ರೀತಿ, ಕೊನೆಗೆ ರಾಜನಿಂದಲೇ ಸಾವು. ಹೊಸ ಸೊಸೆ ಗಂಗಾ ಕೋಣೆಯ ಬಾಗಿಲು ತೆಗೆಸುತ್ತಾಳೆ, ನಾಗವಲ್ಲಿಯ ಕಥೆ ಕೇಳ್ತಾ ಕೇಳ್ತಾ ತಾನೇ ನಾಗವಲ್ಲಿಯಾಗ್ತಾಳೆ. ಇಲ್ಲಿ ಸೌಂದರ್ಯ ಎಷ್ಟು ಕಡಿಮೆ ಸಾಮಗ್ರಿಯಲ್ಲಿ ಭಯ ಹುಟ್ಟಿಸುತ್ತಾರೆ ನೋಡಿ. ಬಿಳಿ ಬಣ್ಣ ಬಳಿದ ಮುಖವಿಲ್ಲ, ಗೋಡೆ ಹತ್ತುವುದಿಲ್ಲ. ಇಷ್ಟು ಹೊತ್ತು ನಗುನಗುತ್ತಾ ಮಾತಾಡುತ್ತಿದ್ದ ಗಂಗಾಳ ಕಣ್ಣು ನಿಧಾನಕ್ಕೆ ಬದಲಾಗುತ್ತೆ, ದನಿ ಗಟ್ಟಿಯಾಗುತ್ತೆ, ಬಾಯಿಂದ ಬರುವ ಭಾಷೆ ಕನ್ನಡ ಹೋಗಿ ತೆಲುಗಾಗುತ್ತೆ. ಹತ್ತು ವರ್ಷ ತೆಲುಗು ಸಿನಿಮಾದಲ್ಲೇ ಬಾಳಿದ ಕನ್ನಡದ ಹೆಣ್ಣುಮಗಳು ಮಾಡಿದ್ದರಿಂದ ಆ ಬದಲಾವಣೆ ತೋರಿಕೆ ಅನ್ನಿಸೋದೇ ಇಲ್ಲ. ‘ರಾ ರಾ’ ಹಾಡಿನ ನೃತ್ಯದಲ್ಲಂತೂ ಒಂದು ಕಡೆ ದರ್ಬಾರಿನ ವೈಭವ, ಇನ್ನೊಂದು ಕಡೆ ಕೂದಲು ಕೆದರಿಕೊಂಡು ಕುಣಿಯುವ ಗಂಗಾ. ಹೆದರಿಕೆಯೂ ಆಗುತ್ತೆ, ಅಯ್ಯೋ ಪಾಪ ಅಂತಲೂ ಅನ್ನಿಸುತ್ತೆ.

ಚಿತ್ರದ ಕೊನೆ ಇನ್ನೂ ಜಾಣತನದ್ದು. ವಿಷ್ಣುವರ್ಧನ್ ಮಾಡಿದ ಡಾಕ್ಟರ್ ವಿಜಯ್ ದೆವ್ವವನ್ನು ನಂಬದ ಮನೋವೈದ್ಯ. ಅವಿನಾಶ್ ಮಾಡಿದ ಆಚಾರ್ಯರು ಮಂತ್ರ ಬಲ್ಲವರು. ಇಬ್ಬರೂ ಜಗಳ ಆಡದೆ ಕೈ ಜೋಡಿಸ್ತಾರೆ. ನಾಗವಲ್ಲಿ ಇಲ್ಲ ಅಂತ ಗಂಗಾಗೆ ಉಪದೇಶ ಮಾಡೋದಿಲ್ಲ. ರಾಜನ ಜಾಗದಲ್ಲಿ ಬೊಂಬೆ ಇಟ್ಟು, ಅವಳು ಸೇಡು ತೀರಿಸಿಕೊಂಡೆ ಅಂತ ನಂಬುವ ಹಾಗೆ ಮಾಡ್ತಾರೆ. ಅನ್ಯಾಯ ಆಗಿತ್ತು ಅಂತ ಒಪ್ಪಿಕೊಂಡ ಮೇಲೆ ಅವಳು ಬಿಟ್ಟು ಹೋಗ್ತಾಳೆ. ಹಳ್ಳಿಯಲ್ಲಿ ಅಜ್ಜಿಯರು ಹೇಳುವ ಕಥೆಗಳಲ್ಲೂ ಹೀಗೇ ಅಲ್ವಾ? ಹುಣಸೆಮರದ ಮೋಹಿನಿಗೆ ಒಂದು ಪೂರ್ವಕಥೆ ಇರುತ್ತೆ. ಬಾವಿಗೆ ಬಿದ್ದವಳಿಗೆ ಒಂದು ಆಸೆ ಉಳಿದಿರುತ್ತೆ. ‘ನಾಳೆ ಬಾ’ ಅಂತ ಬಾಗಿಲ ಮೇಲೆ ಬರೆದ ಕಾಲದಲ್ಲೂ ನಮ್ಮ ಜನ ದೆವ್ವದ ಜೊತೆ ಮಾತಾಡುತ್ತಿದ್ದರು, ಒಂದು ದಿನದ ವಾಯಿದೆ ಕೇಳುತ್ತಿದ್ದರು. ಇದು ನಮ್ಮೂರಿಗೆ ಮಾತ್ರ ಸೇರಿದ್ದಲ್ಲ. ಇಲ್ಲಿ ನಿಜ್ವಾ ದಾಟಿದ ಮೇಲೆ ಸಿಗುವ ಬಹ್ಲಾದ ಕೋಟೆಗೋಡೆಯನ್ನು ಜಿನ್‌ಗಳು ಒಂದೇ ರಾತ್ರಿಯಲ್ಲಿ ಕಟ್ಟಿದವು ಅಂತ ಒಮಾನಿನವರು ಹೇಳ್ತಾರೆ. ಆ ಜಿನ್‌ಗಳಿಗೂ ಒಂದು ಊರಿದೆ, ಒಂದು ಕೆಲಸವಿದೆ. ಹೊಸ ಹಾರರ್‌ನ ಎಷ್ಟೋ ದೆವ್ವಗಳಿಗೆ ಇದ್ಯಾವುದೂ ಇಲ್ಲ, ಇರೋದು ದೊಡ್ಡ ಸದ್ದು ಮಾತ್ರ.

‘ಆಪ್ತಮಿತ್ರ’ ತೆರೆಗೆ ಬಂದದ್ದು 2004ರ ಆಗಸ್ಟ್ 27ಕ್ಕೆ. ಅಷ್ಟು ಹೊತ್ತಿಗೆ ಸೌಂದರ್ಯ ಇರಲಿಲ್ಲ. ಏಪ್ರಿಲ್ 17ರಂದು, ಲೋಕಸಭಾ ಚುನಾವಣೆಯ ಪ್ರಚಾರಕ್ಕಾಗಿ ಕರೀಂನಗರಕ್ಕೆ ಹೋಗಲು ಬೆಂಗಳೂರಿನ ಜಕ್ಕೂರಿನಿಂದ ಪುಟ್ಟ ವಿಮಾನ ಹತ್ತಿದ್ದರು. ಜೊತೆಗೆ ಅಣ್ಣ ಅಮರನಾಥ್. ಮೇಲೇರಿದ ಕೆಲವೇ ನಿಮಿಷದಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಬಳಿ ವಿಮಾನ ಬಿದ್ದು ಉರಿಯಿತು. ಅದರಲ್ಲಿದ್ದ ನಾಲ್ವರಲ್ಲಿ ಯಾರೂ ಉಳಿಯಲಿಲ್ಲ. ಮದುವೆಯ ಮೊದಲ ವರ್ಷ ತುಂಬಲು ಹತ್ತು ದಿನ ಬಾಕಿ ಇತ್ತು. ಒಂದೇ ದಿನ ಮಗಳನ್ನೂ ಮಗನನ್ನೂ ಕಳೆದುಕೊಂಡ ಮನೆಯ ಬಗ್ಗೆ ಬರೆಯಲು ನಮಗೆ ಮಾತು ಸಾಲದು.

ನಾಲ್ಕು ತಿಂಗಳ ನಂತರ ಥಿಯೇಟರಿಗೆ ಹೋದ ಜನ, ಸತ್ತ ಹೆಣ್ಣೊಬ್ಬಳ ಕಥೆಯನ್ನು ಆಗಷ್ಟೇ ತೀರಿಕೊಂಡ ನಟಿಯ ಮುಖದಲ್ಲಿ ನೋಡಿದರು. ಚಿತ್ರ ಭರ್ಜರಿಯಾಗಿ ಓಡಿತು, ದ್ವಾರಕೀಶ್ ಚೇತರಿಸಿಕೊಂಡರು, ಸೌಂದರ್ಯ ಅವರಿಗೆ ಮರಣೋತ್ತರವಾಗಿ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮುಂದೆ 2009ರ ಡಿಸೆಂಬರ್ 30ಕ್ಕೆ ವಿಷ್ಣುವರ್ಧನ್ ಹೃದಯಾಘಾತದಿಂದ ತೀರಿಕೊಂಡರು. ಅವರ ‘ಆಪ್ತರಕ್ಷಕ’ವೂ ಅವರು ಹೋದ ಮೇಲೆಯೇ ಬಿಡುಗಡೆಯಾಯ್ತು. ಆಗ ಶುರುವಾದ ಗಾಳಿಮಾತು ಇನ್ನೂ ನಿಂತಿಲ್ಲ. ನಾಗವಲ್ಲಿಯ ಶಾಪವಂತೆ, ಆ ಚಿತ್ರಪಟದ ದೋಷವಂತೆ.

ಈ ಮಾತನ್ನು ನಮ್ಮ ವಯಸ್ಸಿನವರಾದರೂ ನಿಲ್ಲಿಸಬೇಕು ಅನ್ನೋದು ನಮ್ಮ ಆಸೆ. ಲೆಕ್ಕ ಹಾಕಿ ನೋಡಿದ್ರೂ ಅದು ನಿಲ್ಲೋದಿಲ್ಲ. ಮೊದಲ ನಾಗವಲ್ಲಿಯಾದ ಶೋಭನಾ ಇವತ್ತಿಗೂ ಭರತನಾಟ್ಯದಲ್ಲಿ ತೊಡಗಿದ್ದಾರೆ. ಅದೇ ಪಾತ್ರವನ್ನು ತಮಿಳಿನ ‘ಚಂದ್ರಮುಖಿ’ಯಲ್ಲಿ ಮಾಡಿದ ಜ್ಯೋತಿಕಾ, ಹಿಂದಿಯ ‘ಭೂಲ್ ಭುಲಯ್ಯಾ’ದಲ್ಲಿ ಮಾಡಿದ ವಿದ್ಯಾ ಬಾಲನ್ ಇಬ್ಬರೂ ನಟಿಸುತ್ತಲೇ ಇದ್ದಾರೆ. ಲೆಕ್ಕಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಮೆಡಿಕಲ್ ಬಿಟ್ಟು ಬಂದು, ಐದು ಭಾಷೆಯಲ್ಲಿ ದುಡಿದು, ಗಳಿಸಿದ ಹಣದಲ್ಲಿ ‘ದ್ವೀಪ’ದಂಥ ಚಿತ್ರ ಮಾಡಿದ ಕಲಾವಿದೆಯ ಬದುಕನ್ನು ಒಂದು ಶಾಪದ ಕಥೆಗೆ ಇಳಿಸಿದರೆ, ನಾಗಿಯ ದುಡಿಮೆಯನ್ನು ದೇವರ ಖಾತೆಗೆ ಹಾಕಿದ ಗಣಪನಿಗೂ ನಮಗೂ ಏನು ವ್ಯತ್ಯಾಸ?

ನಾಗವಲ್ಲಿಗೆ ಬೇಕಾಗಿದ್ದು ತನಗಾದದ್ದನ್ನು ಯಾರಾದರೂ ಸರಿಯಾಗಿ ಕೇಳಬೇಕು ಅನ್ನೋದು. ಸೌಂದರ್ಯ ಅದನ್ನು ನಮಗೆ ಕೇಳಿಸಿದರು. ಅವರ ಬಗ್ಗೆಯೂ ನಾವು ಅಷ್ಟು ಮಾಡಬಹುದು. ‘ಆಪ್ತಮಿತ್ರ’ ಮತ್ತೆ ಹಾಕುವ ಗೆಳೆಯರಿಗೆ ನಮ್ಮದೊಂದು ಕೋರಿಕೆ: ಅದು ಮುಗಿದ ಮಾರನೇ ವಾರ ‘ದ್ವೀಪ’ವನ್ನೂ ನೋಡಿ. ನಾಗಿಯನ್ನೂ ನಾಗವಲ್ಲಿಯನ್ನೂ ಒಟ್ಟಿಗೆ ನೋಡಿದವರಿಗೆ ಆ ಕಲಾವಿದೆ ಎಂಥವರು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.