ನೋಂದಣಿ ಪುಸ್ತಕದಲ್ಲಿ ಇಲ್ಲದ ಹೆಸರು

ತೊಂಬತ್ತರ ದಶಕದ ಆರಂಭದಲ್ಲಿ ನಾನು ಕಂದಾಯ ಇಲಾಖೆಯ ಅಧಿಕಾರಿಯಾಗಿದ್ದಾಗ, ಜಗಳೂರಿನಲ್ಲಿ ಜಪ್ತಿಯಾಗಿದ್ದ ಹಳೆಯ ಕಾರೊಂದರ ಹರಾಜಿನ ಕಡತ ನನ್ನ ಮೇಜಿಗೆ ಬಂತು. ಅದು ಡಿಸೋಟೊ ಕಾರು. ಸರ್ಕಾರಕ್ಕೆ ಬರಬೇಕಾದ ಬಾಕಿಗಾಗಿ ವಶಕ್ಕೆ ಪಡೆದದ್ದು. ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ ಅದು ಮೂರು ಮಳೆಗಾಲಗಳನ್ನು ಕಳೆದಿತ್ತು. ಚಕ್ರಗಳು ಅರ್ಧ ಮಣ್ಣಿನೊಳಗೆ ಇಳಿದಿದ್ದವು. ಹಿಂಬದಿಯ ಸೀಟಿನಲ್ಲಿ ಯಾರದೋ ಮನೆಯ ಕೋಳಿ ಮೊಟ್ಟೆಯಿಡುತ್ತಿತ್ತು. ಹರಾಜಿಗೆ ಮೊದಲು ಅದರ ಮೇಲೆ ಬೇರೆ ಯಾರ ಹಕ್ಕೂ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಿತ್ತು. ಹೀಗಾಗಿ ಅದರ ಮಾಲೀಕತ್ವದ ಜಾಡು ಹಿಡಿಯುವ ಕೆಲಸ ನನ್ನ ಪಾಲಿಗೆ ಬಂತು.

ಅಂಚು ಸವೆದಿದ್ದ ನೋಂದಣಿ ಪುಸ್ತಕವೇ ಮುಖ್ಯ ಆಧಾರ. ಐವತ್ತರ ದಶಕದಲ್ಲಿ ಕಾರನ್ನು ಹೊಸದಾಗಿ ಕೊಂಡವರು ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು. ಅವರಿಂದ ಅದು ಹೊನ್ನಾಳಿಯ ಅಕ್ಕಿ ಗಿರಣಿಯ ಮಾಲೀಕರಿಗೆ, ಅಲ್ಲಿಂದ ನ್ಯಾಮತಿಯ ಜವಳಿ ವ್ಯಾಪಾರಿಗೆ, ಕೊನೆಗೆ ಜಗಳೂರಿನ ಎಣ್ಣೆ ಗಿರಣಿಯವರಿಗೆ ಹೋಗಿತ್ತು. ಅಡಿಕೆ, ಭತ್ತ, ಬಟ್ಟೆ, ಶೇಂಗಾ! ಯಾವ ಕಾಲದಲ್ಲಿ ಯಾರ ಕೈಯಲ್ಲಿ ಹಣವಾಡುತ್ತಿತ್ತು ಎಂಬುದಕ್ಕೆ ಅರ್ಥಶಾಸ್ತ್ರ ಓದಿದ ನನಗೆ ಅದೊಂದು ಚೊಕ್ಕ ಪಟ್ಟಿಯಂತೆ ಕಂಡಿತು. ಈ ನಾಲ್ಕೂ ಊರುಗಳು ಇಂದು ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ 1997ರಲ್ಲಿ ಆ ಜಿಲ್ಲೆ ರಚನೆಯಾಗುವವರೆಗೆ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು. ನ್ಯಾಮತಿ ಆಗಿನ್ನೂ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಎರಡೂ ಜಿಲ್ಲೆಗಳಿಗೆ ಪತ್ರ ಬರೆದು ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾದೆ. ಕಾನೂನಿನ ಪ್ರಕಾರ ಹಕ್ಕು ಸಾಧಿಸುವವರು ಯಾರೂ ಇಲ್ಲವೆಂದು ಖಾತ್ರಿಯಾಯಿತು.

ಪುಸ್ತಕದ ಮೊದಲ ಪುಟದಲ್ಲಿ ತಯಾರಕರ ಹೆಸರೂ ಇತ್ತು: ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್. ಆ ಸಾಲನ್ನು ಓದಿ ಸುಮ್ಮನೆ ಮುಂದೆ ಹೋಗಿದ್ದೆ. ನಮ್ಮ ನಾಡಿನ ಹಿರಿಯರೊಬ್ಬರ ಬದುಕಿನ ದೊಡ್ಡದೊಂದು ಸೋಲು ಆ ಸಾಲಿನ ಹಿಂದೆ ಇದೆಯೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರದ ಓದಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರನ್ನು ನಾವು ಕನ್ನಂಬಾಡಿ ಕಟ್ಟೆಯೊಂದಿಗೆ ನೆನೆಯುತ್ತೇವೆ, ಮೋಟಾರು ಕಾರಿನೊಂದಿಗೆ ನೆನೆಯುವವರು ವಿರಳ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡ ಆ ಹುಡುಗ ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು 1903ರಲ್ಲಿ ಅಳವಡಿಕೆಯಾದವು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು, 1912ರಲ್ಲಿ ದಿವಾನರಾದರು. ಮೈಸೂರು ಬ್ಯಾಂಕು 1913ರಲ್ಲಿ, ವಿಶ್ವವಿದ್ಯಾಲಯ 1916ರಲ್ಲಿ ತಲೆಯೆತ್ತಿದವು. 1918ರಲ್ಲಿ ದಿವಾನಗಿರಿಯನ್ನು ಬಿಟ್ಟರು. ರಾಜೀನಾಮೆ ಕೊಡಲು ಸರ್ಕಾರಿ ಕಾರಿನಲ್ಲಿ ಅರಮನೆಗೆ ಹೋದವರು ಹಿಂದಿರುಗಿದ್ದು ಸ್ವಂತ ಕಾರಿನಲ್ಲಿ ಎಂಬ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಸರ್ಕಾರಿ ಸೇವೆಗೆ ಸೇರಿದ ಹೊಸದರಲ್ಲಿ ಹಿರಿಯರಿಂದ ನಾನು ಕೇಳಿದ ಮೊದಲ ನೀತಿಪಾಠವೂ ಅದೇ. ಆದರೆ ಅವರ ಬದುಕಿನಲ್ಲಿ ಕಾರಿಗೆ ಅದಕ್ಕಿಂತ ದೊಡ್ಡ ಅರ್ಥವಿತ್ತು.

ಅದನ್ನು ಅರಿಯಲು ಚನ್ನಗಿರಿಗೆ ನೆರೆಯೂರೇ ಆದ ಭದ್ರಾವತಿಯನ್ನು ನೋಡಬೇಕು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಟ್ಟಿಗೆಯ ಇದ್ದಿಲಿನಿಂದ ಕರಗಿಸುವ ಕಬ್ಬಿಣದ ಕಾರ್ಖಾನೆ ಅಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಷ್ಟರಲ್ಲಿ ಯುದ್ಧಕಾಲದ ಬೆಲೆಗಳು ಕುಸಿದಿದ್ದವು. ನಷ್ಟದ ಲೆಕ್ಕ ಹಿಡಿದು ಟೀಕಿಸುವವರಿಗೆ ಕೊರತೆಯಿರಲಿಲ್ಲ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷತೆ ವಹಿಸಿ 1929ರವರೆಗೆ ಅದನ್ನು ನಡೆಸಿದರು. ಆ ಕೆಲಸಕ್ಕೆ ತಮಗೆ ಬರಬೇಕಾದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಅದು ಜಯಚಾಮರಾಜೇಂದ್ರರ ಹೆಸರಿನಲ್ಲಿ 1943ರಲ್ಲಿ ಆರಂಭವಾಯಿತು.

ಕಬ್ಬಿಣವಾಯಿತು, ಅದರಿಂದ ಏನು ಮಾಡುವುದು? 1934ರಲ್ಲಿ ಭಾರತಕ್ಕೊಂದು ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದ ಅವರಿಗೆ ಈ ಪ್ರಶ್ನೆ ಸಹಜವಾಗಿತ್ತು. ಆಗ ಭಾರತದ ರಸ್ತೆಗಳಲ್ಲಿ ಓಡುತ್ತಿದ್ದ ಕಾರುಗಳು ವಿದೇಶದಿಂದ ಬಂದವು, ಇಲ್ಲವೇ ಜನರಲ್ ಮೋಟಾರ್ಸ್, ಫೋರ್ಡ್ ಕಂಪನಿಗಳು ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿದವು. ಜೋಡಣೆಯಿಂದ ಕೂಲಿ ಸಿಗುತ್ತದೆ, ವಿದ್ಯೆ ಸಿಗುವುದಿಲ್ಲ. ಕಾರನ್ನು ಪೂರ್ತಿ ಇಲ್ಲೇ ಮಾಡಿದರೆ ಉಕ್ಕು, ಗಾಜು, ರಬ್ಬರು, ಬಣ್ಣ, ಬ್ಯಾಟರಿ ಎಂದು ಹತ್ತಾರು ಉದ್ಯಮಗಳು ಅದರ ಬೆನ್ನಿಗೆ ಹುಟ್ಟುತ್ತವೆ. 1935ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪ್ ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಮರುವರ್ಷ ಪೂರ್ಣ ಯೋಜನೆಯೊಂದು ಸಿದ್ಧವಾಯಿತು.

ಬಂಡವಾಳ ಹೂಡಲು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮುಂದೆ ಬಂದರು. 1937ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿ ಪ್ರಾಂತ್ಯದ ಕಾಂಗ್ರೆಸ್ ಮಂತ್ರಿಮಂಡಲವೂ ಒಲವು ತೋರಿತು. ಆದರೆ 1939ರಲ್ಲಿ ಆ ಮಂತ್ರಿಮಂಡಲ ರಾಜೀನಾಮೆ ನೀಡಿತು. ಆಗ ಅವರ ಕಣ್ಣು ಮತ್ತೆ ತವರಿನತ್ತ ತಿರುಗಿತು. ದಿವಾನ್ ಮಿರ್ಜಾ ಇಸ್ಮಾಯಿಲರ ಕಾಲದ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಕಾರ್ಖಾನೆಗೆ ನೆರವಾಗಲು ಸಿದ್ಧವಿತ್ತು. ಹಣವಿತ್ತು, ಜ್ಞಾನವಿತ್ತು, ಜಾಗವಿತ್ತು. ಬಾರದೇ ಹೋದದ್ದು ಬ್ರಿಟಿಷ್ ಭಾರತ ಸರ್ಕಾರದ ಸಮ್ಮತಿ. ಯುದ್ಧಕ್ಕೆ ಇದರಿಂದ ಪ್ರಯೋಜನವಿಲ್ಲವೆಂಬ ಕಾರಣ ಮುಂದೆ ಬಂತು. ಸೇನೆಗೆ ಸಾವಿರಾರು ಲಾರಿಗಳು ಬೇಕಾಗಿದ್ದ ಕಾಲದಲ್ಲಿ ಮೋಟಾರು ಕಾರ್ಖಾನೆ ಯುದ್ಧಕ್ಕೆ ಅನುಪಯುಕ್ತವಾಯಿತು!

ವಿಚಿತ್ರವೆಂದರೆ, 1940ರ ಡಿಸೆಂಬರಿನಲ್ಲಿ ಅದೇ ವಾಲ್‌ಚಂದ್ ಮತ್ತು ಅದೇ ಮೈಸೂರು ಸರ್ಕಾರ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಆರಂಭಿಸಿದರು. ನಾವು ವಿಮಾನ ಪಡೆದೆವು, ಕಾರು ಕಳೆದುಕೊಂಡೆವು. 1942ರಲ್ಲಿ ಬಿರ್ಲಾ ಅವರ ಹಿಂದೂಸ್ತಾನ್ ಮೋಟಾರ್ಸ್ ಹುಟ್ಟಿತು. 1944ರಲ್ಲಿ ವಾಲ್‌ಚಂದ್ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ 1947ರಿಂದ ಕುರ್ಲಾದ ಕಾರ್ಖಾನೆಯಲ್ಲಿ ವಾಹನಗಳು ಹೊರಬಂದವು. ಬಹುಮಟ್ಟಿಗೆ ಒಂದೇ ಮೈಕಟ್ಟಿನ ಕಾರುಗಳು ಡಾಡ್ಜ್, ಪ್ಲಿಮತ್, ಡಿಸೋಟೊ ಎಂಬ ಮೂರು ಹೆಸರುಗಳಲ್ಲಿ ಮಾರಾಟವಾದವು. ಜಗಳೂರಿನ ಹುಣಸೆಮರದ ಕೆಳಗಿದ್ದದ್ದು ಅವುಗಳಲ್ಲೊಂದು. ಕರ್ನಾಟಕದ ನೆಲದಲ್ಲಿ, ಬಿಡದಿಯಲ್ಲಿ, ದೊಡ್ಡ ಕಾರು ಕಾರ್ಖಾನೆಯೊಂದು ಉತ್ಪಾದನೆ ಆರಂಭಿಸಿದ್ದು 1999ರ ಕೊನೆಯಲ್ಲಿ, ಅದೂ ಜಪಾನಿನ ಟೊಯೊಟಾದ ಹೆಸರಿನಲ್ಲಿ. ಸುಮಾರು ಅರವತ್ತು ವರ್ಷಗಳ ವಿಳಂಬ.

ವ್ಯಕ್ತಿಪೂಜೆಯಲ್ಲಿ ಮೈಮರೆಯುವುದು ವಿಶ್ವೇಶ್ವರಯ್ಯನವರಿಗೆ ಸಲ್ಲಿಸುವ ಗೌರವವಲ್ಲ. ರಕ್ಷಣೆಯ ಗೋಡೆಯೊಳಗೆ ಬೆಳೆದ ನಮ್ಮ ಕಾರು ಉದ್ಯಮ ಹಳೆಯ ಮಾದರಿಗಳನ್ನೇ ದಶಕಗಳ ಕಾಲ ಮಾರಿತು, ಗ್ರಾಹಕ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ. ಸರ್ಕಾರದ ಆಸರೆಯಲ್ಲಿ ಉದ್ಯಮ ಕಟ್ಟಬೇಕೆಂಬ ಅವರ ವಾದದಲ್ಲಿ ಆ ಅಪಾಯದ ಬೀಜವಿತ್ತೆಂದು ಅರ್ಥಶಾಸ್ತ್ರಜ್ಞರು ಹೇಳಿದರೆ ನಾನು ಪೂರ್ತಿ ಅಲ್ಲಗಳೆಯಲಾರೆ. ಆದರೆ ಅವರು ಕೇಳಿದ್ದು ಕೈಹಿಡಿದು ನಡೆಸುವ ಆಸರೆಯನ್ನು, ಕಾಯಂ ಊರುಗೋಲನ್ನಲ್ಲ. ಅವರ ಯೋಜನೆಯನ್ನು ಪರೀಕ್ಷೆಗೆ ಒಡ್ಡುವ ಅವಕಾಶವೇ ನಮಗೆ ಸಿಗಲಿಲ್ಲ. 1955ರಲ್ಲಿ ಭಾರತರತ್ನ ಬಂತು. 1962ರ ಏಪ್ರಿಲಿನಲ್ಲಿ, ನೂರು ವರ್ಷ ದಾಟಿದ ಬದುಕು ಮುಗಿಯಿತು. ಕುರ್ಲಾದಿಂದ ಹೊರಬಂದ ಯಾವ ಕಾರಿನ ಮೇಲೂ ಅವರ ಹೆಸರಿರಲಿಲ್ಲ.

ಒಂದು ದೊಡ್ಡ ಉದ್ಯಮದ ಹಣೆಬರಹವನ್ನು ಬದಲಿಸಿದ್ದು ದೆಹಲಿಯ ಯಾವುದೋ ಮೇಜಿನ ಮೇಲೆ ಬಿದ್ದ ನಿರಾಕರಣೆ. ಬರೆದ ಅಧಿಕಾರಿ ಕೆಟ್ಟವನೇ ಆಗಿರಬೇಕಿಲ್ಲ. ತನ್ನ ಮುಂದಿನ ಕಡತವನ್ನು ಬೇಗ ಮುಗಿಸಬೇಕೆಂದಷ್ಟೇ ಬಯಸಿರಬಹುದು. ಇದನ್ನು ನಾನು ಅನುಭವದಿಂದಲೇ ಹೇಳುತ್ತಿದ್ದೇನೆ. ಹರಾಜಿಗೆ ಯಾರೂ ಬಾರದಿದ್ದಾಗ ಆ ಡಿಸೋಟೊವನ್ನು ಗುಜರಿಗೆ ತೂಕದ ಲೆಕ್ಕದಲ್ಲಿ ಮಾರಲು ಸಹಿ ಹಾಕಿದವನು ನಾನು. ನಿಯಮದ ದೃಷ್ಟಿಯಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ.

ಎರಡು ವರ್ಷಗಳ ನಂತರ ಚನ್ನಗಿರಿಯ ಮೊದಲ ಮಾಲೀಕರ ಮೊಮ್ಮಗ ನನ್ನನ್ನು ಹುಡುಕಿಕೊಂಡು ಬಂದರು. ಅಜ್ಜನ ಕಾರು ಎಲ್ಲಾದರೂ ಇದ್ದರೆ ಹೇಳಿದ ಬೆಲೆಗೆ ಕೊಂಡು, ಮನೆಯ ಮುಂದೆ ನಿಲ್ಲಿಸಿಕೊಳ್ಳುವ ಆಸೆ ಅವರದು. ಹಕ್ಕು ಯಾರಿಗಿದೆಯೆಂದು ನಾನು ಎರಡು ಜಿಲ್ಲೆಗಳಲ್ಲಿ ವಿಚಾರಿಸಿದ್ದೆ. ಯಾರಿಗೆ ಬೇಕಾಗಿದೆಯೆಂದು ಒಬ್ಬರನ್ನೂ ಕೇಳಿರಲಿಲ್ಲ. ಕಡತ ತರಿಸಿ ನೋಡಿದೆ. ಅದರಲ್ಲಿದ್ದದ್ದು ಮಾರಾಟದ ದಿನಾಂಕ, ರಸೀದಿಯ ಸಂಖ್ಯೆ ಮತ್ತು ಕಾರಿನ ತೂಕ. ಆ ಮೂರನ್ನೂ ಅವರಿಗೆ ಓದಿ ಹೇಳಿದೆ.