ವೃದ್ಧರ ಹೊಣೆ ಹೊತ್ತ ಖಲೀಫ ಹ. ಉಮರ್(ರ)

ಹಝ್ರತ್ ಉಮರ್(ರ) ಎಂದೊಡನೆ ನಿಮಗೆ ನೆನಪಾಗುವುದು ಅವರ ನ್ಯಾಯನಿಷ್ಠೆ ಮತ್ತು ನಿಷ್ಠುರ ಸ್ವಭಾವ. ಆದರೆ ಮುಪ್ಪಿನ ಸಂಕಟದ ಮುಂದೆ ಆ ನಿಷ್ಠುರತೆ ಕರಗಿ ಹೋಗುತ್ತಿತ್ತು.

ಮಕ್ಕಾದ ಖತ್ತಾಬರ ಪುತ್ರರಾದ ಅವರು ಬಾಲ್ಯದಲ್ಲಿ ತಂದೆಯ ಒಂಟೆಗಳನ್ನು ಮೇಯಿಸಿದವರು. ಮೊದಲು ಇಸ್ಲಾಮಿನ ಕಡು ವಿರೋಧಿಯಾಗಿದ್ದವರು ಬಳಿಕ ಪ್ರವಾದಿ(ಸ)ರ ಆಪ್ತ ಸಂಗಾತಿಯಾದರು. ಹ. ಅಬೂಬಕರ್(ರ)ರ ನಂತರ, ಕ್ರಿ.ಶ. 634ರಲ್ಲಿ ಖಲೀಫರಾದರು.

ಅವರ ಆಡಳಿತ ಕಾಲದಲ್ಲಿ ಕಿಲಾಬ್ ಎಂಬವರು ಸೈನ್ಯದೊಂದಿಗೆ ದೂರ ಹೋಗಿದ್ದರು. ಇತ್ತ ಅವರ ವೃದ್ಧ ತಂದೆ ಉಮಯ್ಯಾ ಮಗನ ಹಂಬಲದಲ್ಲಿ ಕೊರಗಿ ದೃಷ್ಟಿಯನ್ನೂ ಕಳೆದುಕೊಂಡರು. ವಿಷಯ ತಿಳಿದ ಖಲೀಫರು ಮಗನನ್ನು ಮರಳಿ ಕರೆಸಿಕೊಂಡರು. ಅವರಿಂದಲೇ ಒಂಟೆಯ ಹಾಲು ಹಿಂಡಿಸಿ ತಂದೆಗೆ ಕೊಡಿಸಿದರು. ಪಾತ್ರೆಯಲ್ಲೇ ಮಗನ ಕೈಯ ವಾಸನೆಯನ್ನು ಗುರುತಿಸಿದ ಆ ವೃದ್ಧರನ್ನು ಕಂಡು ಉಮರ್(ರ) ಅತ್ತರೆಂದು ಚರಿತ್ರೆಕಾರರು ಬರೆದಿದ್ದಾರೆ. ತಂದೆ ಬದುಕಿರುವವರೆಗೂ ಜೊತೆಗಿರಬೇಕೆಂದು ಕಿಲಾಬ್‌ಗೆ ಆಜ್ಞೆಯಾಯಿತು. ಆದರೆ ಅವರ ಭತ್ಯೆ ಮಾತ್ರ ನಿಲ್ಲಲಿಲ್ಲ. ತಂದೆಯ ಸೇವೆಗಾಗಿ ಮಗ ಹೊಟ್ಟೆಪಾಡನ್ನು ಕಳೆದುಕೊಳ್ಳಬಾರದಲ್ಲವೇ?

ಇನ್ನು ಯಾರ ಆಸರೆಯೂ ಇಲ್ಲದವರ ಗತಿಯೇನು? ಕುರುಡ ಯಹೂದಿ ವೃದ್ಧರೊಬ್ಬರು ಬಾಗಿಲಲ್ಲಿ ನಿಂತು ಬೇಡುವುದನ್ನು ಖಲೀಫರು ಕಂಡರು. ಕೈ ಹಿಡಿದು ಮನೆಗೆ ಕರೆದೊಯ್ದು ಕೈಲಾದುದನ್ನು ಕೊಟ್ಟರು. ಅಷ್ಟಕ್ಕೇ ಸುಮ್ಮನಾಗಲಿಲ್ಲ. ಅವರಿಗೂ ಅವರಂತಹ ಎಲ್ಲರಿಗೂ ಜಿಝಿಯಾ ತೆರಿಗೆಯನ್ನು ಮನ್ನಾ ಮಾಡಿ, ಬೈತುಲ್ ಮಾಲ್‌ನಿಂದ ನೆರವು ಗೊತ್ತುಪಡಿಸಿದರು. ಒಬ್ಬರ ಕನಿಕರವು ಎಲ್ಲ ವೃದ್ಧರ ಹಕ್ಕಾಗಿ ಮಾರ್ಪಟ್ಟಿತು. ಕ್ರಿ.ಶ. 644ರಲ್ಲಿ, ಫಜ್ರ್ ನಮಾಝ್‌ನ ವೇಳೆ ಇರಿತಕ್ಕೊಳಗಾಗಿ ಅವರು ಶಹೀದರಾದರು.

ಓದುಗರೇ, ಈಗ ನಿಮ್ಮ ಊರಿನತ್ತ ನೋಡಿ. ಉಮ್ಮತ್ತೂರಾಗಲಿ, ಗುಂಡ್ಲುಪೇಟೆಯಾಗಲಿ, ದುಡಿಯುವ ಮಕ್ಕಳು ಮೈಸೂರು, ಬೆಂಗಳೂರು ಸೇರಿದ ಮನೆಗಳಲ್ಲಿ ಹಿರಿಯರು ಒಂಟಿಯಾಗುತ್ತಾರೆ. ಮಕ್ಕಳ ಜೊತೆಗಿದ್ದೂ ಬೈಗುಳ ತಿನ್ನುವವರು, ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಕಳೆದುಕೊಂಡವರು ಮಾನಕ್ಕಂಜಿ ಬಾಯಿ ಬಿಡುವುದಿಲ್ಲ. ಅವರು ಬಾಗಿಲಿಗೆ ಬಂದು ಬೇಡುವವರೆಗೆ ನಾವು ಕಾಯಬೇಕೇ?

ನಿಮ್ಮ ಜಮಾಅತ್ ಇಂತಹ ಹಿರಿಯರ ಪಟ್ಟಿ ಮಾಡಲಿ. ಯುವಕರು ಔಷಧಿ ತಲುಪಿಸಲಿ. ಸ್ತ್ರೀಯರು ವೃದ್ಧೆಯರ ಯೋಗಕ್ಷೇಮ ವಿಚಾರಿಸಲಿ. ಅರ್ಹರಿಗೆ ಝಕಾತ್ ಸಲ್ಲಲಿ. ಕಡೆಗಣಿಸುವ ಮಗನಿಗೆ ಹಿರಿಯರು ಬುದ್ಧಿ ಹೇಳಲಿ. ಆತ ಕೇಳದಿದ್ದರೆ, 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಯವರ ಮುಂದೆ ಜೀವನಾಂಶಕ್ಕೆ ಅರ್ಜಿ ಸಲ್ಲಿಸಲು ತಂದೆತಾಯಿಗೆ ನೆರವಾಗಿರಿ.

ಹೆತ್ತವರ ವಾರ್ಧಕ್ಯವು ನಮಗೊಂದು ಪರೀಕ್ಷೆ. ಅದರಲ್ಲಿ ಉತ್ತೀರ್ಣರಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.